ಕಾಯಿ ದಪ್ಪ ಆದರೆ ದುಡ್ಡು ಸಣ್ಣ

ಹೋದ ವಾರ ಮಧುಗಿರಿ ಕಡೆ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಮಧ್ಯಾಹ್ನ ಮುದ್ದೆ, ಜೊತೆಗೆ ಮಿಡಿಸೌತೆ ಹಾಕಿದ ಹುಳಿ. ಅದೇ, ಕಂಪನಿಯವರು ಬೀಜ ಕೊಟ್ಟು ಬೆಳೆಸಿ, ಉಪ್ಪು ವಿನಿಗರ್ ಹಾಕಿ ಯೂರೋಪು, ಅಮೆರಿಕಕ್ಕೆ ಕಳಿಸುವ ಗರ್ಕಿನ್. "ಇದು ಫಾರಿನ್‌ಗೆ ಹೋಗೋದಲ್ವಾ ಚಿಕ್ಕಮ್ಮ, ಮನೇಲಿ ಯಾಕಿದೆ?" ಅಂದೆ. "ದಪ್ಪ ಆಗೋಯ್ತಲ್ಲ, ಇನ್ಯಾರ್ ತಗೋತಾರೆ" ಅಂದರು.

ಈ ಬೆಳೆಯ ಲೆಕ್ಕವೇ ಉಲ್ಟಾ. ಕೆಜಿಗೆ 160ಕ್ಕಿಂತ ಜಾಸ್ತಿ ಕಾಯಿ ತೂಗಬೇಕು, ಅಂದರೆ ಕಿರುಬೆರಳಿಗಿಂತ ಚಿಕ್ಕದಿರಬೇಕು, ಆಗಲೇ ಒಳ್ಳೆ ರೇಟು. ದಪ್ಪ ಆದಷ್ಟೂ ಗ್ರೇಡು ಇಳಿಯುತ್ತದೆ. ಒಂದು ದಿನ ಕೂಲಿಯವರು ಬರಲಿಲ್ಲ, ಇಲ್ಲಾ ನೆಂಟರ ಮನೆ ತಿಥಿ ಅಂತ ತೋಟಕ್ಕೆ ಇಳಿಯಲಿಲ್ಲ ಅಂದುಕೊಳ್ಳಿ, ಮಾರನೇ ದಿನ ಎಲೆ ಎತ್ತಿ ನೋಡಿದರೆ ಕಾಯಿ ಊದಿಕೊಂಡು ಕೂತಿರುತ್ತದೆ. ಹಸುವಿಗೆ ಹಾಕಬೇಕು, ಇಲ್ಲಾ ಹುಳಿಗೆ.

ಬೆಳೆ ಕೆಟ್ಟದ್ದು ಅಂತಲ್ಲ. ಕೋಲಾರದ ಕಡೆ ಟೊಮೆಟೊ ತಂದು ರಸ್ತೆಗೆ ಸುರಿಯೋದನ್ನು ನೋಡಿದವರಿಗೆ, ಬೀಜ ಊರುವ ಮುಂಚೆಯೇ ರೇಟು ಗೊತ್ತಿರೋದು ಸಣ್ಣ ಸಮಾಧಾನವಲ್ಲ. ಚಿಕ್ಕಪ್ಪ ಇದನ್ನು ಬಿಡದಿರುವುದೂ ಅದಕ್ಕೇ.

ಆದರೂ ಒಮ್ಮೆ ಲೆಕ್ಕ ಹಾಕಿ ನೋಡಿ. ರಫ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಅಪೆಡಾದ ಅಂಕಿ ಪ್ರಕಾರ 2020-21ರಲ್ಲಿ ಸೌತೆ, ಮಿಡಿಸೌತೆ ಸೇರಿ ದೇಶದಿಂದ ಹೋಗಿದ್ದು 2,23,515 ಟನ್, ಬಂದಿದ್ದು 22.3 ಕೋಟಿ ಡಾಲರ್. ಹೆಚ್ಚುಕಡಿಮೆ ಕೆಜಿಗೆ ಒಂದು ಡಾಲರ್, ಆಗಿನ ಲೆಕ್ಕಕ್ಕೆ 70 ರೂಪಾಯಿಗೆ ಮೇಲೆ. ರೈತನಿಗೆ? ಅಪೆಡಾದ್ದೇ ಲೆಕ್ಕದಲ್ಲಿ 90 ದಿನದ ಬೆಳೆಗೆ ಎಕರೆಗೆ 4 ಟನ್, 80 ಸಾವಿರ ರೂಪಾಯಿ, ಖರ್ಚು ಕಳೆದು 40 ಸಾವಿರ. ಕೆಜಿಗೆ 20, ಉಳಿಯುವುದು 10. ಮಧ್ಯೆ ಫ್ಯಾಕ್ಟರಿ, ಡ್ರಮ್ಮು, ಕಂಟೇನರ್ ಅಂತ ಖರ್ಚಿದೆ, ಉಳಿದಿದ್ದೆಲ್ಲಾ ಕಂಪನಿ ಜೇಬಿಗೆ ಅನ್ನೋದು ತಪ್ಪು. ಆದರೆ ಮಳೆ, ರೋಗ, ಬೋರ್‌ವೆಲ್ ಕೈಕೊಡೋದು, ಇಷ್ಟೂ ಆ ಹತ್ತು ರೂಪಾಯಿ ತಲೆ ಮೇಲೇ ಕೂತಿರುತ್ತದೆ.

ನನಗೆ ಸಿಟ್ಟು ಬಂದಿದ್ದು ರೇಟಿಗಿಂತ ಜಾಸ್ತಿ ಚೀಟಿ ನೋಡಿ. ಸಂಜೆ ಚಿಕ್ಕಪ್ಪ ಕ್ರೇಟು ಇಳಿಸಿ ಬರುತ್ತಾರೆ, ಗ್ರೇಡಿಂಗ್ ಆಗುವುದು ರಾತ್ರಿ, ಇವರ ಕಣ್ಣೆದುರಿಗಲ್ಲ. ಮಾರನೇ ದಿನ ಚೀಟಿ ಬರುತ್ತದೆ: ರಿಜೆಕ್ಟ್ 31 ಕೆಜಿ. ಆ 31 ಕೆಜಿ ಕಾಯಿ ಎಲ್ಲಿ? ವಾಪಸ್ಸೂ ಬರಲ್ಲ. ಹೋದ ಸಲ ದುಡ್ಡು ಕೈಗೆ ಬರೋದಕ್ಕೆ ಎರಡು ತಿಂಗಳಾಯಿತು.

ತಮಾಷೆ ಅಂದರೆ, ಇದಕ್ಕೆ ಯೂರೋಪಿಯನ್ ಒಕ್ಕೂಟ 2019ರಲ್ಲೇ ಒಂದು ಕಾನೂನು ಮಾಡಿದೆ. ದೊಡ್ಡ ಖರೀದಿದಾರರು ತಮಗಿಂತ ಸಣ್ಣವರಿಗೆ, ಬೇಗ ಕೆಡುವ ಮಾಲಾದರೆ 30 ದಿನ, ಬೇರೆ ಆಹಾರವಾದರೆ 60 ದಿನದೊಳಗೆ ದುಡ್ಡು ಕೊಡಬೇಕು. ಮಾರುವವರು ಹೊರದೇಶದವರಾದರೂ ಅಷ್ಟೇ. ಆದರೆ ಅಲ್ಲಿಗೆ ಮಾರುವುದು ಕಂಪನಿ, ಚಿಕ್ಕಪ್ಪ ಅಲ್ಲ. ಹಾಗಾಗಿ ವರ್ಷ ಇಟ್ಟರೂ ಕೆಡದ ಉಪ್ಪಿನಕಾಯಿಯ ದುಡ್ಡಿಗೆ ಕಾನೂನಿನ ಕಾವಲಿದೆ, ಒಂದೇ ದಿನಕ್ಕೆ ಕೆಡುವ ಹಸಿ ಕಾಯಿಗೆ ಇಲ್ಲ.

ಬೆಳೆಗಾರರಿಗೆ ನ್ಯಾಯದ ಬೆಲೆ ಸಿಗಲಿ ಅಂತ ಕಾಫಿಗೆ ಇರುವ ಫೇರ್‌ಟ್ರೇಡ್‌ನಲ್ಲಿ ನನಗೆ ಇಷ್ಟವಾಗಿದ್ದು ಪೇಟೆ ಬಿದ್ದರೂ ಸಿಗುವ ಕನಿಷ್ಠ ಬೆಲೆಗಿಂತ ಅದರ ಮೇಲಿನ ದುಡ್ಡು, ಪೌಂಡಿಗೆ 20 ಸೆಂಟ್. ಅದು ಬೆಳೆಗಾರರ ಸಂಘಕ್ಕೆ ಹೋಗುತ್ತದೆ, ಯಾವುದಕ್ಕೆ ಖರ್ಚು ಅಂತ ಅವರೇ ಕೂತು ತೀರ್ಮಾನಿಸುತ್ತಾರೆ. ಚಿಕ್ಕಪ್ಪನ ಊರಲ್ಲಿ ಹನ್ನೊಂದು ಮನೆಯವರು ಸೌತೆ ಹಾಕಿದ್ದಾರೆ, ಕಂಪನಿ ಒಪ್ಪಂದಕ್ಕೆ ಒಬ್ಬೊಬ್ಬರೂ ಬೇರೆ ಬೇರೆಯಾಗಿ ಸಹಿ ಮಾಡಿದ್ದಾರೆ, ಒಬ್ಬರ ಚೀಟಿ ಇನ್ನೊಬ್ಬರು ನೋಡಿಲ್ಲ. ಇದೇ ಜನ ಬೆಳಗ್ಗೆ ಡೈರಿಗೆ ಹಾಲು ಹಾಕುವಾಗ ಫ್ಯಾಟ್ ಎಷ್ಟು ಅಂತ ಎದುರಿಗೇ ಮಿಷಿನ್‌ನಲ್ಲಿ ನೋಡಿಕೊಂಡು ಬರುತ್ತಾರೆ, ಕಡಿಮೆ ತೋರಿಸಿದರೆ ಜಗಳವಾಡುತ್ತಾರೆ. ಸೌತೆಗೆ ಯಾಕಾಗಲ್ಲ?

ಹೀಗಂದಿದ್ದಕ್ಕೆ ಚಿಕ್ಕಪ್ಪ "ಬೀಜ, ಗೊಬ್ಬರ ಎಲ್ಲಾ ಅವ್ರದ್ದೇ ಕಣೋ, ಮುಂದಿನ ಸಲ ಕೊಡ್ದಿದ್ರೆ?" ಅಂದರು. ಆಮೇಲೆ ಸುಮ್ಮನೆ ಎದ್ದು ಹೋಗಿ ಅಡುಗೆಮನೆ ತಕ್ಕಡಿ ತಂದರು. ಮೇಲಿನ ಕ್ರೇಟಿನಿಂದ ಒಂದು ಕೆಜಿ ತೂಗಿ ಇಬ್ಬರೂ ಕೂತು ಎಣಿಸಿದೆವು. 172. ಗೋಡೆ ಕ್ಯಾಲೆಂಡರ್‌ನಲ್ಲಿ ಆ ತಾರೀಖಿನ ಕೆಳಗೆ ಬರೆದಿಟ್ಟಿದ್ದಾರೆ. ಚೀಟಿ ಇನ್ನೂ ಬಂದಿಲ್ಲ.