ಮನೆ ನಮ್ಮದು, ಕೆಳಗಿನ ನೆಲ ಇನ್ಯಾರದೋ

ಮನೆ ಕೊಳ್ಳುವ ದಿನ ಇಲ್ಲಿ ಒಂದು ಕಂತೆ ಕಾಗದಕ್ಕೆ ಸಹಿ ಹಾಕಿಸುತ್ತಾರೆ. ಬೆರಳು ನೋಯುವಷ್ಟು. ಆ ಕಂತೆಯ ಮಧ್ಯೆ ಎಲ್ಲೋ ಒಂದು ಹಾಳೆ ಇತ್ತು. ಈ ಜಾಗದ ಅಡಿಯಲ್ಲಿರುವ ಎಣ್ಣೆ, ಗ್ಯಾಸು, ಖನಿಜ ಯಾವುದೂ ನಿಮ್ಮ ಕ್ರಯಕ್ಕೆ ಸೇರಿಲ್ಲ, ಅದು ಬೇರೆಯವರ ಆಸ್ತಿ ಅಂತ. "ಈ ಕಡೆ ಎಲ್ಲ ಮನೆಗೂ ಇದು ಇರೋದೇ" ಅಂದರು ಏಜೆಂಟ್. ನಮಗೇನು ಕೋಲಾರದ ಚಿನ್ನ ಸಿಕ್ಕಿಬಿಡುತ್ತಾ ಅಂತ ನಾನೂ ನನ್ನ ಗಂಡನೂ ನಕ್ಕು ಸಹಿ ಹಾಕಿದೆವು. ಅದು 2017ರ ಫೆಬ್ರವರಿ.

ನಾವಿರುವುದು ಕೊಲರಾಡೋ ರಾಜ್ಯದ ಈರಿ ಎಂಬ ಊರಿನಲ್ಲಿ. ಡೆನ್ವರ್‌ನಿಂದ ಉತ್ತರಕ್ಕೆ, ಕಾರಿನಲ್ಲಿ ಹೆಚ್ಚೂ ಕಡಿಮೆ ಅರ್ಧ ಗಂಟೆ. ಪಶ್ಚಿಮಕ್ಕೆ ನೋಡಿದರೆ ಹಿಮ ಹೊದ್ದ ರಾಕಿ ಬೆಟ್ಟ, ಪೂರ್ವಕ್ಕೆ ನೋಡಿದರೆ ಕಣ್ಣು ಹಾಯುವಷ್ಟೂ ಬಯಲು. ಊರಿನ ಒಂದು ಭಾಗ ಬೌಲ್ಡರ್ ಕೌಂಟಿಗೆ ಸೇರುತ್ತದೆ, ಇನ್ನೊಂದು ವೆಲ್ಡ್ ಕೌಂಟಿಗೆ. ಬೌಲ್ಡರ್ ಕಡೆ ಎಣ್ಣೆ ಬಾವಿ ಅಂದರೆ ಜನ ಬೋರ್ಡು ಹಿಡಿದು ಬೀದಿಗೆ ಬರುತ್ತಾರೆ. ವೆಲ್ಡ್ ಕಡೆ ಅದೇ ಬಾವಿಯ ತೆರಿಗೆಯಲ್ಲಿ ರಸ್ತೆ ಆಗುತ್ತದೆ, ಶಾಲೆ ನಡೆಯುತ್ತದೆ. ರಾಜ್ಯದ ಎಣ್ಣೆಯಲ್ಲಿ ಬಹುಪಾಲು ಬರುವುದೇ ಆ ಒಂದು ಕೌಂಟಿಯಿಂದ. ನಮ್ಮ ಮನೆ ವೆಲ್ಡ್‌ನಲ್ಲಿದೆ.

ಫ್ರ್ಯಾಕಿಂಗ್ ಅಂದರೆ ಏನು ಅಂತ ಮೊದಲು ನನಗೂ ಗೊತ್ತಿರಲಿಲ್ಲ. ತಿಪಟೂರಿನಲ್ಲಿರುವ ಅಪ್ಪನಿಗೆ ಫೋನಿನಲ್ಲಿ ವಿವರಿಸಲು ಹೋಗಿ ನಾನೇ ಕಲಿತೆ. ಮನೆಯಿಂದ ಅರ್ಧ ಮೈಲಿ ದೂರದಲ್ಲಿ ಬೋರ್ ಕೊರೆಯುತ್ತಾರಂತೆ ಅಂದೆ. ಏಳು ಸಾವಿರ ಅಡಿ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ತೆಂಗಿನ ತೋಟಕ್ಕೆ ಅಂತ ತಿರುಚೆಂಗೋಡಿನ ಲಾರಿ ಕರೆಸಿ ಎರಡು ಬೋರ್ ಹಾಕಿಸಿ, ಎರಡರಲ್ಲೂ ಬರೀ ಪುಡಿ ನೋಡಿದ ಮನುಷ್ಯ. ಆಮೇಲೆ ಕೇಳಿದರು: "ಎಷ್ಟು ಇಂಚು ನೀರು ಬಿತ್ತಂತೆ?"

ನೀರು ಬೀಳಲ್ಲಪ್ಪಾ, ಇವರೇ ನೀರು ಒಳಗೆ ಬಿಡೋದು ಅಂದೆ. ನೇರ ಕೆಳಗೆ ಹೋಗಿ, ಅಲ್ಲಿಂದ ಪೈಪನ್ನು ಅಡ್ಡಕ್ಕೆ ತಿರುಗಿಸಿ, ಒಂದೆರಡು ಮೈಲಿ ಮಲಗಿಸಿದ ಹಾಗೆ ಕೊರೆದುಕೊಂಡು ಹೋಗುತ್ತಾರೆ. ಆಮೇಲೆ ನೀರು, ಮರಳು, ಸ್ವಲ್ಪ ರಾಸಾಯನಿಕ ಸೇರಿಸಿ ಭಾರೀ ಒತ್ತಡದಲ್ಲಿ ಬಿಟ್ಟು ಬಂಡೆಯಲ್ಲಿ ಬಿರುಕು ಮಾಡುತ್ತಾರೆ. ಮರಳು ಆ ಬಿರುಕಿನಲ್ಲಿ ಕೂತು ಅದು ಮುಚ್ಚದ ಹಾಗೆ ತಡೆಯುತ್ತದೆ, ಎಣ್ಣೆ ಮತ್ತು ಗ್ಯಾಸು ಜಿನುಗಿ ಮೇಲೆ ಬರುತ್ತದೆ. ಒಂದು ಬಾವಿಗೆ ಒಂದು ಕೋಟಿ ಲೀಟರ್ ದಾಟಿ ನೀರು ಬೇಕು. ಮಳೆ ಕಡಿಮೆ ಇರುವ ಸೀಮೆಯಲ್ಲಿ! "ಓ, ಅದಾ" ಅಂದರು ಅಪ್ಪ. "ನಮ್ಮೂರ ಶಾಲೆ ಹತ್ತಿರ ಹ್ಯಾಂಡ್‌ಪಂಪ್ ಒಣಗಿದಾಗ ಸರ್ಕಾರದವರು ಬಂದು ಅದನ್ನೇ ಮಾಡಿದ್ರಲ್ಲ, ನೀರು ತುರುಕಿ ಬಂಡೆ ಬಿರುಕು ಬಿಡಿಸಿದ್ರು." ನಿಜ. ನಮ್ಮ ಕಡೆ ಬತ್ತಿದ ಬೋರ್‌ಗಳಿಗೆ ಹೈಡ್ರೋ ಫ್ರ್ಯಾಕ್ಚರಿಂಗ್ ಅಂತ ಮಾಡುವುದು ಇದರದೇ ಚಿಕ್ಕ ತಮ್ಮ. ಅದರಲ್ಲಿ ಬರೀ ನೀರು, ಆಳವೂ ಕಡಿಮೆ.

ಸರಿ, ಇಷ್ಟರವರೆಗೆ ಎಲ್ಲ ತಮಾಷೆಯಾಗಿಯೇ ಇತ್ತು. ನಾವು ಮನೆಗೆ ಬಂದು ಎರಡು ತಿಂಗಳಾಗಿತ್ತು. ಏಪ್ರಿಲ್ 17ರಂದು ಫೈರ್‌ಸ್ಟೋನ್‌ನಲ್ಲಿ ಒಂದು ಮನೆ ಸ್ಫೋಟಗೊಂಡಿತು. ನಮ್ಮಿಂದ ಕಾರಿನಲ್ಲಿ 20 ನಿಮಿಷದ ಊರು. ನೆಲಮಾಳಿಗೆಯಲ್ಲಿ ಗೀಸರ್ ಕೂರಿಸುತ್ತಿದ್ದ ಇಬ್ಬರು ಸತ್ತರು, ಮನೆಯಾಕೆಗೆ ಕೆಟ್ಟದಾಗಿ ಸುಟ್ಟಿತು. ಮನೆ ಹೊಸದು, 2015ರಲ್ಲಿ ಕಟ್ಟಿದ್ದು. ಹತ್ತಿರದ ಗ್ಯಾಸ್ ಬಾವಿ 1993ರದು. ಮನೆಗೂ ಬಾವಿಗೂ ನಡುವೆ 200 ಅಡಿಯೂ ಇರಲಿಲ್ಲ. ಬಾವಿಯಿಂದ ಹೋಗುತ್ತಿದ್ದ ಒಂದು ಇಂಚಿನ ಹಳೇ ಪೈಪನ್ನು ಯಾವಾಗಲೋ ಕತ್ತರಿಸಿದ್ದರು, ಆದರೆ ಬಾವಿ ಕಡೆಯ ತುದಿಯನ್ನು ಬಿಚ್ಚಿರಲಿಲ್ಲ, ವಾಲ್ವ್ ಮುಚ್ಚಿರಲಿಲ್ಲ. ಸ್ವಲ್ಪ ಕಾಲ ನಿಲ್ಲಿಸಿದ್ದ ಆ ಬಾವಿಯನ್ನು ಆ ವರ್ಷದ ಜನವರಿಯಲ್ಲಿ ಮತ್ತೆ ಶುರು ಮಾಡಿದರು. ಕತ್ತರಿಸಿದ ಪೈಪಿನಿಂದ ಗ್ಯಾಸು ಮಣ್ಣಿನೊಳಗೆ ಹರಡಿ ನೆಲಮಾಳಿಗೆ ಸೇರಿತು. ಮಣ್ಣಿನಡಿಯ ಗ್ಯಾಸಿಗೆ ಅಡುಗೆ ಗ್ಯಾಸಿನ ಹಾಗೆ ಬೆರೆಸಿದ ವಾಸನೆ ಇರುವುದಿಲ್ಲ. ಹಾಗಾಗಿ ಯಾರ ಮೂಗಿಗೂ ಬಡಿಯಲಿಲ್ಲ.

ಗಮನಿಸಿ, ಇದು ಫ್ರ್ಯಾಕಿಂಗ್‌ನಿಂದ ಆದದ್ದಲ್ಲ. ಕಂಪನಿ ಪರ ಇರುವವರು ಇದನ್ನೇ ಹೇಳುತ್ತಾರೆ, ಮತ್ತು ಅದು ಸರಿ. ಆದರೆ ನನಗೆ ಹೆದರಿಕೆ ಹುಟ್ಟಿಸಿದ್ದೂ ಅದೇ. ಏಳು ಸಾವಿರ ಅಡಿ ಆಳದ ಬಿರುಕು ಮೇಲೆ ಬಂದು ನನ್ನ ನಲ್ಲಿ ನೀರು ಸೇರುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ತೊಂದರೆ ಬರುವುದು ಮೇಲಿನ ನೂರಿನ್ನೂರು ಅಡಿಯಲ್ಲಿ: ಕೇಸಿಂಗ್ ಸುತ್ತ ಸರಿಯಾಗಿ ಕೂರದ ಸಿಮೆಂಟು, ಮಗುಚಿದ ಟ್ಯಾಂಕರ್, ಮರೆತುಹೋದ ಪೈಪು. ಕೇಂದ್ರದ ಪರಿಸರ ಸಂಸ್ಥೆ ಇಪಿಎ ಕೂಡ 2016ರಲ್ಲಿ, ಕೆಲವು ಸಂದರ್ಭಗಳಲ್ಲಿ ಕುಡಿಯುವ ನೀರಿಗೆ ತೊಂದರೆ ಆಗಬಹುದು ಎಂದು ಹೇಳಿತು. ಕೆಲವು ಸಂದರ್ಭ ಅಂದರೆ ಯಾವುದು, ಯಾರ ಮನೆ ಹತ್ತಿರ, ಅದೇ ಇಲ್ಲಿನ ಜಗಳ.

ಆ ರಾತ್ರಿ ರಾಜ್ಯದ ಬಾವಿಗಳ ಮ್ಯಾಪ್ ತೆರೆದು ಕೂತೆ. ಯಾರು ಬೇಕಾದರೂ ನೋಡಬಹುದು. ನಮ್ಮ ಬಡಾವಣೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿಗಳು. ಒಂದು ಚುಕ್ಕಿ, ಮಗಳು ಜಾರುಬಂಡೆ ಆಡುವ ಪಾರ್ಕಿನ ಪಕ್ಕ. ಸಿಮೆಂಟ್ ತುಂಬಿ ಮುಚ್ಚಿದ ಹಳೇ ಬಾವಿ ಅಂತ ಬರೆದಿತ್ತು. ಬೆಳಿಗ್ಗೆ ಹೋಗಿ ನೋಡಿದೆ. ಏನೂ ಇಲ್ಲ, ಬರೀ ಹುಲ್ಲು. ಅದರ ಮೇಲೆ ಯಾರದೋ ನಾಯಿ ಉರುಳಾಡುತ್ತಿತ್ತು.

ಇನ್ನು ದೂರದ ಲೆಕ್ಕ. ಇಲ್ಲಿ ಸುರಕ್ಷತೆ ಬಗ್ಗೆ ಯಾರೇ ಮಾತಾಡಲಿ, ಕೊನೆಗೆ ಬಂದು ನಿಲ್ಲುವುದು ಅಡಿಗಳ ಮೇಲೆ. 2013ರಲ್ಲಿ ಹೊಸ ಬಾವಿ ಮನೆಯಿಂದ 500 ಅಡಿ ದೂರ ಇರಬೇಕು ಅಂತ ಮಾಡಿದರು. ಶಾಲೆ, ಆಸ್ಪತ್ರೆಯಂಥ ಜಾಗಕ್ಕೆ 1,000 ಅಡಿ, ಅದೂ ಕಟ್ಟಡದಿಂದ ಅಳೆದು, ಆಟದ ಮೈದಾನದಿಂದ ಅಲ್ಲ. ಮಕ್ಕಳು ಬಿಡುವಿನಲ್ಲಿ ಗೋಡೆಗೆ ಅಂಟಿಕೊಂಡು ನಿಂತಿರುತ್ತಾರಾ? ಗ್ರೀಲಿ ಊರಿನಲ್ಲಿ 24 ಬಾವಿಗಳ ಯೋಜನೆ ಒಂದಿತ್ತು. ಮೊದಲು ಬಿಳಿಯರ ಮಕ್ಕಳೇ ಜಾಸ್ತಿ ಇದ್ದ ಶಾಲೆಯ ಹತ್ತಿರ ಅಂದುಕೊಂಡಿದ್ದರು. ಅಲ್ಲಿನ ತಂದೆ ತಾಯಿ ಬೇಡ ಅಂದರು. ಆಮೇಲೆ ಅದು ಬೆಲ್ಲಾ ರೊಮೆರೊ ಎಂಬ ಶಾಲೆಯ ಹಿಂದಕ್ಕೆ ಹೋಯಿತು, ಅಲ್ಲಿ ಓದುವವರು ಹೆಚ್ಚಾಗಿ ಲ್ಯಾಟಿನೊ ಕೂಲಿಕಾರರ ಮಕ್ಕಳು. ಇದನ್ನು ಓದಿದಾಗ ಕಸದ ಗುಡ್ಡೆ ಯಾವ ಊರಿನ ಪಕ್ಕ ಹಾಕುತ್ತಾರೆ ಅನ್ನುವ ನಮ್ಮ ಬೆಂಗಳೂರಿನ ಕಥೆ ನೆನಪಾಯಿತು.

ಊರಿನವರು ಬೇಡ ಅಂದರೆ ಸಾಲದಾ? ಸಾಲದು. ಪಕ್ಕದ ಲಾಂಗ್‌ಮಾಂಟ್ ಜನ 2012ರಲ್ಲಿ ಮತ ಹಾಕಿ ಫ್ರ್ಯಾಕಿಂಗ್ ನಿಷೇಧ ಮಾಡಿದರು. 2016ರ ಮೇ ತಿಂಗಳಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಎಣ್ಣೆ, ಗ್ಯಾಸಿನ ವಿಷಯದಲ್ಲಿ ರಾಜ್ಯದ ಮಾತೇ ಕೊನೆ ಅಂತ.

ನಮ್ಮ ಹತ್ತಿರದ ಬಾವಿಗಳ ಬಗ್ಗೆ ಟೌನ್ ಹಾಲ್‌ನಲ್ಲಿ ಸಭೆ ಕರೆದಾಗ ನಾನೂ ಹೋದೆ. ಒಬ್ಬೊಬ್ಬರಿಗೆ ಮೂರು ನಿಮಿಷ. ಮೈಕಿನ ಎದುರು ಪುಟಾಣಿ ಸಿಗ್ನಲ್ ದೀಪ: ಹಸಿರು, ಹಳದಿ, ಕೆಂಪು. ಒಬ್ಬ ತಾಯಿ ಮಗುವಿನ ಉಬ್ಬಸದ ಬಗ್ಗೆ ಹೇಳಿದಳು. ಆಮೇಲೆ ಎದ್ದವನು ನಮ್ಮ ಮೂರನೇ ಮನೆಯವ. ಕೆಲಸದಿಂದ ಹಾಗೇ ಬಂದಿದ್ದ, ಬೂಟಿನ ತುಂಬ ಒಣಗಿದ ಮಣ್ಣು. ಅವನು ರಿಗ್‌ನಲ್ಲಿ ಕೆಲಸ ಮಾಡುತ್ತಾನೆ ಅಂತ ನನಗೆ ಗೊತ್ತಾದದ್ದೇ ಅವತ್ತು. "ಈ ಹಾಲಿನಲ್ಲಿ ಹೀಟರ್ ಓಡ್ತಿರೋದು ಯಾವುದರಿಂದ?" ಅಂತ ಕೇಳಿ, ಇನ್ನೂ ಹಸಿರು ಇರುವಾಗಲೇ ಹೋಗಿ ಕೂತ. ಯಾರೂ ಚಪ್ಪಾಳೆ ತಟ್ಟಲಿಲ್ಲ. ನನಗೂ ಸ್ವಲ್ಪ ನಾಚಿಕೆಯಾಯಿತು, ಯಾಕೆಂದರೆ ನಮ್ಮ ಮನೆಯ ಫರ್ನೇಸ್ ಓಡುವುದೂ ಅದೇ ಗ್ಯಾಸಿನಲ್ಲಿ, ಚಳಿಗಾಲದಲ್ಲಿ ಮೈನಸ್ 15 ಇರುವಾಗ ನಾನು ಥರ್ಮೋಸ್ಟಾಟ್ ಇಳಿಸುವವಳಲ್ಲ.

ನನ್ನ ಸರದಿ ಬಂತು. ಹಳೇ ಪೈಪುಗಳ ಲೆಕ್ಕ ಯಾರ ಹತ್ತಿರ ಇದೆ ಅಂತ ಕೇಳಬೇಕಿತ್ತು. ನಮಸ್ಕಾರ, ಪರಿಚಯ, ನಾನು ಎಲ್ಲಿಂದ ಬಂದವಳು ಅಂತೆಲ್ಲ ನಮ್ಮ ಕಡೆ ಸಭೆಯ ಹಾಗೆ ಶುರು ಮಾಡಿಬಿಟ್ಟೆ. ಪ್ರಶ್ನೆಗೆ ಬರುವಷ್ಟರಲ್ಲಿ ಕೆಂಪು.

ಬಾವಿ ಕೊರೆದದ್ದು 2018ರ ಬೇಸಿಗೆಯಲ್ಲಿ. ಸುತ್ತ ಮೂವತ್ತು ಅಡಿಯ ಗೋಡೆ, ಶಬ್ದ ತಡೆಯಲು. ಜೋರು ಶಬ್ದ ನಿಜವಾಗಿ ಕಡಿಮೆಯೇ ಇತ್ತು. ಆದರೆ ಗುಂಯ್ ಅನ್ನೋ ಒಂದು ತಗ್ಗು ದನಿ, ಕಿವಿಗಿಂತ ಎದೆಗೆ ಕೇಳಿಸುವಂಥದ್ದು, ಹಗಲು ರಾತ್ರಿ. ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಒಂದರೊಳಗೊಂದು ಇಟ್ಟ ಸ್ಟೀಲ್ ಲೋಟಗಳು ಸಣ್ಣಗೆ ಕಿಣಿಕಿಣಿ ಅನ್ನುತ್ತಿದ್ದವು. ಮಧ್ಯೆ ಒಂದು ಟವೆಲ್ ಮಡಚಿ ಇಟ್ಟೆ. ಕೆಲವು ವಾರ ಹಾಗೇ ಕಳೆದೆವು. ಕಂಪನಿಗೆ ಫೋನ್ ಮಾಡಿದರೆ ಮರ್ಯಾದೆಯಾಗಿ ಮಾತಾಡಿ ದೂರಿನ ನಂಬರ್ ಕೊಡುತ್ತಿದ್ದರು. ನನ್ನ ಹತ್ತಿರ ಆರು ನಂಬರ್ ಇವೆ.

ಆ ವರ್ಷ ನವೆಂಬರಿನಲ್ಲಿ 2,500 ಅಡಿ ಬೇಕು ಅಂತ ಪ್ರಪೋಸಿಷನ್ 112 ಜನರ ಮತಕ್ಕೆ ಬಂತು. ಎಣ್ಣೆ ಕಂಪನಿಗಳ ಕಡೆಯಿಂದ 3 ಕೋಟಿ ಡಾಲರ್‌ಗಿಂತ ಜಾಸ್ತಿ ಖರ್ಚಾಯಿತು. ಟಿವಿ ಹಾಕಿದರೆ ಅದೇ ಜಾಹೀರಾತು. ಸುಮಾರು 55ಕ್ಕೆ 45ರಲ್ಲಿ ಸೋತಿತು. ನಮಗೆ ವೋಟಿಲ್ಲ, ವೀಸಾದವರು. ತೆರಿಗೆ ಕಟ್ಟಬಹುದು, ಮೂರು ನಿಮಿಷ ಮಾತಾಡಬಹುದು, ಅಷ್ಟೇ.

ಸೋತ ಮೇಲೆ ವಿಷಯ ಮುಗಿಯಿತು ಅಂದುಕೊಂಡೆ. ಆದರೆ 2019ರ ಏಪ್ರಿಲ್‌ನಲ್ಲಿ ಗವರ್ನರ್ ಜೇರಡ್ ಪೋಲಿಸ್ ಸೆನೆಟ್ ಬಿಲ್ 181ಕ್ಕೆ ಸಹಿ ಹಾಕಿದರು. ಅದರಲ್ಲಿ ನನಗೆ ದೊಡ್ಡದು ಅನ್ನಿಸಿದ್ದು ಒಂದು ಪದ. ಅಲ್ಲಿಯವರೆಗೆ ಎಣ್ಣೆ, ಗ್ಯಾಸಿನ ಆಯೋಗದ ಕೆಲಸ ಉದ್ಯಮವನ್ನು ಬೆಳೆಸುವುದು ಅಂತ ಕಾನೂನಿನಲ್ಲೇ ಬರೆದಿತ್ತು. ಬೆಳೆಸುವವರೇ ತಪಾಸಣೆಯನ್ನೂ ಮಾಡುತ್ತಿದ್ದರು! ಅದನ್ನು ನಿಯಂತ್ರಿಸುವುದು ಅಂತ ಬದಲಾಯಿಸಿದರು. ಬಾವಿ ಎಲ್ಲಿ ಬರಬೇಕು ಎನ್ನುವುದರಲ್ಲಿ ಊರುಗಳಿಗೂ ಅಧಿಕಾರ ಬಂತು. 2021ರ ಜನವರಿಯಿಂದ 2,000 ಅಡಿಯ ನಿಯಮ ಜಾರಿಯಾಯಿತು, ಅಂದರೆ ವೋಟಿನಲ್ಲಿ ಸೋತದ್ದರಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿಯೇ ಹಿಂಬಾಗಿಲಿನಿಂದ ಬಂದ ಹಾಗಾಯಿತು. ವೆಲ್ಡ್ ಕಡೆಯ ಜನಕ್ಕೆ ಇದರ ಮೇಲೆ ಸಿಟ್ಟಿದೆ. ಸಿಟ್ಟು ಬರುವುದು ಸಹಜವೇ. ಒಪ್ಪಿಗೆ ಪಡೆದರೆ ಇನ್ನೂ ಹತ್ತಿರ ಬರಬಹುದು ಅನ್ನುವಂಥ ವಿನಾಯಿತಿಗಳೂ ಅದರಲ್ಲಿವೆ, ಹಾಗಾಗಿ ಬೌಲ್ಡರ್ ಕಡೆಯವರಿಗೂ ಸಮಾಧಾನ ಇಲ್ಲ.

ನನ್ನ ತಕರಾರು ಬೇರೆ. 2,000 ಅಡಿ ಹೊಸ ಬಾವಿಗೆ. ಹಳೇ ಬಾವಿಯ ಪಕ್ಕ ಹೊಸ ಮನೆ ಕಟ್ಟುವವರಿಗೆ ಆ ರಾಜ್ಯದ ನಿಯಮ ಇಲ್ಲ, ಅದನ್ನು ಆಯಾ ಊರು ನೋಡಿಕೊಳ್ಳಬೇಕು. ಫೈರ್‌ಸ್ಟೋನ್‌ನಲ್ಲಿ ಆದದ್ದು ಅದೇ ಅಲ್ವಾ? ಬಾವಿ ಮನೆ ಹತ್ತಿರ ಬರಲಿಲ್ಲ, ಮನೆ ಬಾವಿ ಹತ್ತಿರ ಹೋಯಿತು. ಈಗಲೂ ನಮ್ಮ ರಸ್ತೆಯ ಕೊನೆಯಲ್ಲಿ ಬಡಾವಣೆ ಬೆಳೆಯುತ್ತಲೇ ಇದೆ. ಮಾಡೆಲ್ ಮನೆಯಲ್ಲಿ ಕುಕೀಸ್ ಕೊಡುತ್ತಾರೆ, ಬಾವಿಗಳ ಮ್ಯಾಪ್ ಕೊಡುವುದಿಲ್ಲ. ಯುಗಾದಿ ಊಟದಲ್ಲಿ ಸಿಕ್ಕ ಕನ್ನಡದ ಹೊಸ ಜೋಡಿಯೊಂದಕ್ಕೆ ಆ ಮ್ಯಾಪ್ ತೋರಿಸಿದೆ. ಹೋಳಿಗೆ ಕೈಯಲ್ಲಿ ಹಿಡಿದೇ ಇಬ್ಬರೂ ಫೋನಿಗೆ ಬಗ್ಗಿದರು. ನನ್ನ ಗಂಡ ಆಮೇಲೆ, ಹಬ್ಬದ ದಿನ ಬೇಕಿತ್ತಾ ಇದು ಅಂದರು. ಬೇಕಿತ್ತು ಅಂತಲೇ ನನ್ನ ಅಭಿಪ್ರಾಯ.

ಹೋದ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು. ಸಂಜೆ ವಾಕಿಂಗ್‌ಗೆ ಅಂತ ಬಾವಿ ಇರುವ ಕಡೆ ಕರೆದುಕೊಂಡು ಹೋದೆ. ಎತ್ತರದ ಗೋಡೆ ಹೋಗಿ ಎಷ್ಟೋ ಕಾಲವಾಗಿದೆ. ಈಗ ತಂತಿ ಬೇಲಿ, ಸಾಲಾಗಿ ಕಂದು ಬಣ್ಣದ ಟ್ಯಾಂಕುಗಳು, ನಾಲ್ಕಾರು ಪೈಪು, ಜಲ್ಲಿ ಹಾಸಿದ ನೆಲ. ಅಪ್ಪ ಬೇಲಿ ಉದ್ದಕ್ಕೂ ನಡೆದು ಒಂದು ಸುತ್ತು ನೋಡಿ ಬಂದರು. ಏಳು ಸಾವಿರ ಅಡಿಯ ಬಗ್ಗೆ ಏನೂ ಕೇಳಲಿಲ್ಲ.

"ಇಲ್ಲಿ ಕಾವಲಿಗೆ ಒಬ್ರೂ ಇಲ್ವಲ್ಲಮ್ಮಾ" ಅಂದರು.

ಎಲ್ಲ ದೂರದಿಂದಲೇ ಕಂಪ್ಯೂಟರಿನಲ್ಲಿ ನೋಡ್ತಾರಪ್ಪಾ ಅಂದೆ. ಅಪ್ಪ ಹ್ಞೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಗೇಟಿನ ಮೇಲೆ ಒಂದು ತಗಡಿನ ಬೋರ್ಡು, ತುರ್ತು ಇದ್ದರೆ ಕರೆ ಮಾಡಲು ಒಂದು ಫೋನ್ ನಂಬರ್. ಬಿಸಿಲಿಗೆ ಅಂಕಿಗಳು ಮಾಸಿದ್ದವು. ಅಪ್ಪ ಕನ್ನಡಕ ಸರಿ ಮಾಡಿಕೊಂಡು ಒಂದೊಂದೇ ಅಂಕಿ ಓದಿ ಹೇಳಿದರು, ನಾನು ಫೋನಿಗೆ ಹಾಕಿಕೊಂಡೆ. ಕೊನೆಯದು ಮೂರೋ ಎಂಟೋ ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. ಎರಡನ್ನೂ ಸೇವ್ ಮಾಡಿದ್ದೇನೆ.