ಇಲಿಮರಿಗಳ ಅಳತೆ ತೆಗೆದ ದಿನ

ಆಗಷ್ಟೇ ಹುಟ್ಟಿದ ಇಲಿಮರಿ ಗಂಡೋ ಹೆಣ್ಣೋ ಅಂತ ಹೇಳೋದು ಹೊಸಬರಿಗೆ ಕಷ್ಟ. ಮೈಮೇಲೆ ಕೂದಲಿಲ್ಲ, ಕಣ್ಣು ತೆರೆದಿಲ್ಲ, ಎಲ್ಲವೂ ಒಂದೇ ಥರ ಕಾಣುತ್ತವೆ. ನೋಡಬೇಕಾದದ್ದು ಒಂದೇ ಜಾಗ. ಜನನಾಂಗದ ಮೊಗ್ಗಿಗೂ ಗುದದ್ವಾರಕ್ಕೂ ನಡುವೆ ಇರುವ ಅಂತರ. ಗಂಡಿನಲ್ಲಿ ಅದು ಹೆಣ್ಣಿಗಿಂತ ಹೆಚ್ಚುಕಡಿಮೆ ಎರಡರಷ್ಟಿರುತ್ತದೆ. ಎರಡರಷ್ಟು ಅಂದರೂ ಕೆಲವೇ ಮಿಲಿಮೀಟರ್. ಸಂಶೋಧನೆಗೆ ಸೇರಿದ ಹೊಸತರಲ್ಲಿ ಆ ಅಂತರ ಅಳೆಯುವ ಕೆಲಸ ನನ್ನ ಪಾಲಿಗೆ ಬಂತು.

ನಮ್ಮ ಗರ್ಭಿಣಿ ಇಲಿಗಳಲ್ಲಿ ಮೂರು ಗುಂಪು ಇತ್ತು. ಒಂದು ಗುಂಪಿಗೆ ಬರೀ ಎಣ್ಣೆ. ಉಳಿದ ಎರಡಕ್ಕೂ ಫ್ಲುಟಮೈಡ್ ಅನ್ನುವ ಔಷಧ. ಇದು ಗಂಡು ಹಾರ್ಮೋನಾದ ಟೆಸ್ಟೋಸ್ಟೆರೋನ್ ಹುಟ್ಟುವುದನ್ನು ತಡೆಯುವುದಿಲ್ಲ. ಆ ಹಾರ್ಮೋನು ಹೋಗಿ ಕೂರಬೇಕಾದ ಜಾಗದಲ್ಲಿ ತಾನೇ ಕೂತುಬಿಡುತ್ತದೆ. ಹಾರ್ಮೋನು ಇದ್ದರೂ ಜೀವಕೋಶಕ್ಕೆ ಅದರ ಸುದ್ದಿ ಮುಟ್ಟುವುದಿಲ್ಲ. ಇಲಿಯ ಗರ್ಭ ಸುಮಾರು 22 ದಿನ. ಒಂದು ಗುಂಪಿಗೆ 15.5ನೇ ದಿನದಿಂದ ಔಷಧ ಕೊಟ್ಟೆವು, ಇನ್ನೊಂದಕ್ಕೆ 19.5ನೇ ದಿನದಿಂದ. ಪ್ರಮಾಣ ಒಂದೇ, ದಿನ ಮಾತ್ರ ಬೇರೆ. ಇದು ನಮ್ಮ ಹೊಸ ಯೋಚನೆಯೇನೂ ಅಲ್ಲ. ಎಡಿನ್‌ಬರೋದ ವಿಜ್ಞಾನಿಗಳು 2008ರಲ್ಲೇ ಇಂಥ ಪ್ರಯೋಗವನ್ನು ಪ್ರಕಟಿಸಿದ್ದರು. ಅದನ್ನು ನಮ್ಮ ಕೈಯಲ್ಲೇ ಒಮ್ಮೆ ಮಾಡಿ ನೋಡದೆ ಮುಂದಿನ ಕೆಲಸಕ್ಕೆ ಹೋಗಬಾರದು ಅನ್ನುವುದು ನಮ್ಮ ಗೈಡ್ ಮೇಡಂ ಅಭಿಪ್ರಾಯ. ಅವರು ಹೇಳಿದ್ದು ಸರಿ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಬೆಳಿಗ್ಗೆ ಹೋಗುವಷ್ಟರಲ್ಲಿ ಮರಿಗಳು ಹುಟ್ಟಿದ್ದವು. ಮುಟ್ಟುವ ಮೊದಲು ಗ್ಲೌಸ್ ಹಾಕಿದ ಕೈಯನ್ನು ಅದೇ ಗೂಡಿನ ಹೊಟ್ಟಿಗೆ ಚೆನ್ನಾಗಿ ಉಜ್ಜಿಕೊಂಡೆ. ಬೇರೆ ವಾಸನೆ ಬಂದರೆ ತಾಯಿ ಮರಿಗಳನ್ನು ಹತ್ತಿರ ಸೇರಿಸದೆ ಇರಬಹುದು. ತಾಯಿಯನ್ನು ಸ್ವಲ್ಪ ಹೊತ್ತು ಬೇರೆ ಗೂಡಿಗೆ ಬಿಟ್ಟು, ಮರಿಗಳನ್ನು ಬೆಚ್ಚಗಿನ ಪ್ಯಾಡ್ ಮೇಲೆ ಇಟ್ಟೆವು. ಒಂದೊಂದನ್ನೇ ತೂಗಬೇಕು, ಮೈಕ್ರೋಸ್ಕೋಪಿನ ಕೆಳಗೆ ಹಿಡಿದು ಕಣ್ಣಿನ ಮಸೂರದಲ್ಲಿರುವ ಅಳತೆಪಟ್ಟಿಯಲ್ಲಿ ಅಂತರ ಓದಬೇಕು. ತೂಕ ಯಾಕೆ ಅಂದರೆ, ದಪ್ಪ ಮರಿಯಲ್ಲಿ ಅಂತರವೂ ಸಹಜವಾಗಿ ಜಾಸ್ತಿ. ಅದಕ್ಕೇ ಅಂತರವನ್ನು ತೂಕದ ಘನಮೂಲದಿಂದ ಭಾಗಿಸುತ್ತಾರೆ. ಯಾವ ಮರಿ ಯಾವ ಗುಂಪಿನದು ಅಂತ ನನಗೆ ಹೇಳಿರಲಿಲ್ಲ. ಗೂಡಿನ ಮೇಲೆ ಬರೀ ಕೋಡ್. ನಾನು ಸಂಖ್ಯೆ ಹೇಳುತ್ತಿದ್ದೆ, ಗೆಳತಿ ಬರೆದುಕೊಳ್ಳುತ್ತಿದ್ದಳು.

ಒಂದು ಗೂಡಿನ ಮರಿಗಳು ಕೈಗೆ ಬಂದಾಗ ನಾನು ಹೇಳುತ್ತಿದ್ದ ಸಂಖ್ಯೆಗಳು ಚಿಕ್ಕದಾಗುತ್ತಾ ಹೋದವು. ಒಂದರ ಹಿಂದೆ ಒಂದು, ಎಲ್ಲ ಹೆಣ್ಣಿನ ಅಂತರವೇ. ಗೆಳತಿ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಒಂದೇ ಸೂಲಿನಲ್ಲಿ ಎಲ್ಲವೂ ಹೆಣ್ಣೇ ಹುಟ್ಟುವುದು ಅಪರೂಪ. ಬಾಲದ ತುದಿಯ ಒಂದು ಚೂರಿನಿಂದ ಡಿಎನ್‌ಎ ತೆಗೆದು, ವೈ ಕ್ರೋಮೋಸೋಮಿನಲ್ಲಿರುವ ಎಸ್‌ಆರ್‌ವೈ ಜೀನ್ ಇದೆಯೇ ಅಂತ ನೋಡಿದೆವು. ಹಲವು ಮರಿಗಳಲ್ಲಿ ಅದು ಇತ್ತು. ಹೊರಗಿನಿಂದ ಹೆಣ್ಣಿನ ಹಾಗೆ ಕಂಡ ಆ ಮರಿಗಳು ಗಂಡು.

ಆ ಗೂಡಿನ ಒಂದು ಗಂಡುಮರಿಯ ಒಳಭಾಗವನ್ನು ನೋಡುವ ಅವಕಾಶವೂ ಸಿಕ್ಕಿತು. ಒಂದು ಪುಟ್ಟ ಜೀವವನ್ನು ಕಳೆದುಕೊಂಡು ಸಿಕ್ಕ ಅವಕಾಶ ಅದು, ಹಾಗಾಗಿ ಒಂದು ಕ್ಷಣವನ್ನೂ ವ್ಯರ್ಥ ಮಾಡಬಾರದು ಅಂತ ನೋಡಿದೆ. ವೃಷಣ ಇತ್ತು. ಹೊರಗೆ ಹೆಣ್ಣಿನ ರೂಪ, ಹಾಗಾದರೆ ಒಳಗೆ ಗರ್ಭಕೋಶ ಇರಬೇಕಲ್ವಾ? ಇರಲಿಲ್ಲ. ಅಲ್ಲೇ ನನಗೆ ಫ್ರೆಂಚ್ ವಿಜ್ಞಾನಿ ಆಲ್ಫ್ರೆಡ್ ಜೋಸ್ಟ್ ನೆನಪಾದರು.

ಇಲಿಯಾಗಲಿ ಮೊಲವಾಗಲಿ, ಮೊದಲು ಪ್ರತಿ ಭ್ರೂಣದಲ್ಲೂ ಎರಡು ಜೊತೆ ನಾಳಗಳಿರುತ್ತವೆ. ಮುಲ್ಲೇರಿಯನ್ ನಾಳ ಉಳಿದರೆ ಗರ್ಭಕೋಶವಾಗುತ್ತದೆ. ವುಲ್ಫಿಯನ್ ನಾಳ ಉಳಿದರೆ ವೀರ್ಯ ಸಾಗುವ ದಾರಿಯಾಗುತ್ತದೆ. ಪ್ಯಾರಿಸ್‌ನಲ್ಲಿದ್ದ ಜೋಸ್ಟ್ 1940ರ ದಶಕದಲ್ಲಿ, ತಾಯಿಮೊಲದ ಹೊಟ್ಟೆಯೊಳಗೇ ಇದ್ದ ಗಂಡು ಭ್ರೂಣದ ವೃಷಣ ತೆಗೆದು ನೋಡಿದರು. ಅದು ಹೆಣ್ಣಿನ ರೂಪದಲ್ಲೇ ಬೆಳೆಯಿತು. ವೃಷಣದ ಬದಲು ಟೆಸ್ಟೋಸ್ಟೆರೋನ್ ಇಟ್ಟಾಗ ವುಲ್ಫಿಯನ್ ನಾಳ ಉಳಿಯಿತು, ಆದರೆ ಮುಲ್ಲೇರಿಯನ್ ನಾಳ ಕರಗಲಿಲ್ಲ. ಅದನ್ನು ಕರಗಿಸುವುದಕ್ಕೆ ವೃಷಣದಿಂದ ಇನ್ನೇನೋ ಬರುತ್ತಿರಬೇಕು ಅಂತ ಅವರು ಹೇಳಿದರು. ಅದನ್ನೇ ಈಗ ಆ್ಯಂಟಿ-ಮುಲ್ಲೇರಿಯನ್ ಹಾರ್ಮೋನ್ ಅನ್ನುತ್ತೇವೆ. ವೃಷಣದ ಸೆರ್ಟೋಲಿ ಕೋಶಗಳು ಅದನ್ನು ತಯಾರಿಸುತ್ತವೆ. ಟೆಸ್ಟೋಸ್ಟೆರೋನ್ ಬರುವುದು ಲೇಡಿಗ್ ಕೋಶಗಳಿಂದ. ಫ್ಲುಟಮೈಡ್ ಈ ಎರಡನೆಯದರ ದಾರಿಗೆ ಮಾತ್ರ ಅಡ್ಡ ನಿಂತಿತ್ತು. ಮೊದಲನೆಯದು ತನ್ನ ಪಾಡಿಗೆ ಕೆಲಸ ಮುಗಿಸಿ ಗರ್ಭಕೋಶ ಆಗದಂತೆ ಮಾಡಿತ್ತು. ಎರಡು ಹಾರ್ಮೋನುಗಳ ಕೆಲಸ ಬೇರೆ ಬೇರೆ ಅಂತ ಎಷ್ಟೋ ಸಲ ಓದಿದ್ದೆ. ಒಂದೇ ಮರಿಯಲ್ಲಿ ಎರಡೂ ಬೇರೆಯಾಗಿ ನಿಂತದ್ದನ್ನು ಕಂಡದ್ದು ಅವತ್ತು. ಕೈ ಸ್ವಲ್ಪ ನಡುಗಿತು.

ಸಂಜೆ ಕೋಡ್ ಬಿಚ್ಚಿದರು. ಅಂತರ ಕುಗ್ಗಿದ್ದ ಗಂಡುಮರಿಗಳೆಲ್ಲ 15.5ನೇ ದಿನದಿಂದ ಔಷಧ ಹೋದ ಗುಂಪಿನವು. 19.5ನೇ ದಿನದಿಂದ ಔಷಧ ಹೋದ ಗುಂಪು ಬರೀ ಎಣ್ಣೆ ಕುಡಿದವುಗಳ ಹಾಗೇ ಇತ್ತು. ನನಗೆ ಎಲ್ಲಕ್ಕಿಂತ ದೊಡ್ಡ ಅಚ್ಚರಿ ಇದೇ. ಇಲಿಯಲ್ಲಿ ಗಂಡಿನ ರೂಪ ನಿರ್ಧಾರವಾಗುವ ಹೊತ್ತು ಗರ್ಭದ 15.5ರಿಂದ 18.5ನೇ ದಿನದವರೆಗೆ. ಆಗಿನ್ನೂ ಗಂಡು ಹೆಣ್ಣು ಭ್ರೂಣಗಳ ಹೊರಗಿನ ಅಂಗಗಳಲ್ಲಿ ಕಣ್ಣಿಗೆ ಕಾಣುವಂಥ ವ್ಯತ್ಯಾಸ ಮೂಡಿರುವುದಿಲ್ಲ. ಆಮೇಲೆ ಮೂಡುವ ರೂಪ ಮಾತ್ರ ಅಷ್ಟರಲ್ಲೇ ನಿರ್ಧಾರವಾಗಿರುತ್ತದೆ. ವೃಷಣ ಕೆಳಗಿಳಿಯದೆ ಉಳಿಯುವುದು, ಮೂತ್ರದ್ವಾರ ಜಾಗ ತಪ್ಪುವುದು, ಇವುಗಳ ಬೇರೂ ಹೆಚ್ಚಾಗಿ ಅಲ್ಲೇ ಇದೆ. ಮನುಷ್ಯರಲ್ಲಿ ಇದಕ್ಕೆ ಸಮನಾದ ಹೊತ್ತು ಗರ್ಭದ 8ರಿಂದ 14ನೇ ವಾರ ಇರಬಹುದು ಅಂತ ಅಂದಾಜು. ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿ ಅಂತ ಗೊತ್ತಾಗಿ ಹೆಚ್ಚು ದಿನ ಆಗಿರುವುದಿಲ್ಲ. ಅದನ್ನು ನೆನೆದಾಗ ಈಗಲೂ ಆತಂಕವಾಗುತ್ತದೆ.

ಹುಟ್ಟಿದ 13ನೇ ದಿನಕ್ಕೆ ಉಳಿದ ಮರಿಗಳ ಮೊಲೆತೊಟ್ಟು ಎಣಿಸಿದೆವು. ಹೆಣ್ಣಿಲಿಗೆ ಸಾಮಾನ್ಯವಾಗಿ 12 ಇರುತ್ತವೆ. ಗಂಡಿಗೆ ಇರುವುದಿಲ್ಲ, ಟೆಸ್ಟೋಸ್ಟೆರೋನಿನಿಂದಲೇ ಆಗುವ ಡೈಹೈಡ್ರೊಟೆಸ್ಟೋಸ್ಟೆರೋನ್ ಅವನ್ನು ಭ್ರೂಣದಲ್ಲೇ ಅಳಿಸಿರುತ್ತದೆ. ಮೊದಲೇ ಔಷಧ ಹೋದ ಗುಂಪಿನ ಗಂಡುಗಳಲ್ಲಿ ಅವು ಸಾಲಾಗಿ ಕಂಡವು.

ಆರ್ಥಿಕ ಸಹಕಾರಕ್ಕಾಗಿ ಹಲವು ದೇಶಗಳು ಸೇರಿ ಕಟ್ಟಿಕೊಂಡ ಒಇಸಿಡಿ ಒಕ್ಕೂಟವು ರಾಸಾಯನಿಕಗಳ ಪರೀಕ್ಷೆಗೆ ಮಾಡಿರುವ ಮಾರ್ಗಸೂಚಿಗಳಲ್ಲಿ ಈಗ ಈ ಎರಡು ಅಳತೆಗಳೂ ಇವೆ. ಹೊಸ ವಿದ್ಯಾರ್ಥಿಗಳಿಗೆ ಅವನ್ನು ಕಲಿಸುವಾಗ, ಔಷಧ ಎಷ್ಟು ಕೊಟ್ಟಿರಿ ಅನ್ನುವುದಕ್ಕಿಂತ ಮೊದಲು ಯಾವ ದಿನ ಕೊಟ್ಟಿರಿ ಅಂತ ಬರೆಯಲು ನಾನು ಹೇಳುತ್ತೇನೆ.