ಮಾತ್ರೆ ಕೊಟ್ರಾ ಅಂತ ಕೇಳಿದರೆ ಸಾಲದು

ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಬಾರದು. ಪಶುವೈದ್ಯಕೀಯ ಓದಿದ ಎಲ್ಲರಿಗೂ ಗೊತ್ತಿರುವ ವಿಷಯ ಇದು. ನಾನೂ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೇನೆ. ಆದರೆ ಪರೀಕ್ಷೆಯಲ್ಲಿ 'ಪ್ಯಾರಾಸಿಟಮಾಲ್ ತಿಂದ ಬೆಕ್ಕು' ಅಂತ ಪ್ರಶ್ನೆಯಲ್ಲೇ ಇರುತ್ತೆ. ಕ್ಲಿನಿಕ್‌ಗೆ ಬರುವ ಬೆಕ್ಕು ಹಾಗೆ ಹೇಳಿಕೊಂಡು ಬರೋದಿಲ್ಲ. ಬಾಯಿ ಬಿಟ್ಟು ಉಸಿರಾಡುತ್ತಾ ಬರುತ್ತೆ, ಅಷ್ಟೇ.

ಮೈಸೂರಿನ ಒಂದು ಪೆಟ್ ಕ್ಲಿನಿಕ್‌ನಲ್ಲಿ ನನಗೆ ಸಂಜೆ ಶಿಫ್ಟ್. ಶನಿವಾರ ಅಂದರೆ ವ್ಯಾಕ್ಸಿನ್, ಡಿವರ್ಮಿಂಗ್, ಉಗುರು ಕಟ್ ಮಾಡೋದು ಎಲ್ಲಾ ಒಟ್ಟಿಗೆ ಬರುತ್ತೆ. ಆ ಶನಿವಾರ ಒಳಗೆ ಟಿಕ್ ಫೀವರ್‌ನ ಲ್ಯಾಬ್ರಡಾರ್ ಒಂದಕ್ಕೆ ಡ್ರಿಪ್ ಓಡುತ್ತಿತ್ತು. ಐಸೊಲೇಶನ್‌ನಲ್ಲಿ ಪಾರ್ವೋ ಅನ್ನೋ ಅಂಟುರೋಗದ ನಾಯಿಮರಿ ಇತ್ತು. ಹೊರಗೆ ಬೆಂಚು ತುಂಬಿತ್ತು. ಕೌಂಟರ್‌ನಲ್ಲಿ ರಿಸೆಪ್ಷನ್ ಹುಡುಗಿ ಒಬ್ಬ ಹೆಂಗಸಿನ ಹತ್ತಿರ ಪಿನ್‌ಕೋಡ್ ಕೇಳುತ್ತಿದ್ದಳು. ಆ ಸಾಫ್ಟ್‌ವೇರ್‌ನಲ್ಲಿ ಪಿನ್‌ಕೋಡ್ ಹಾಕದೆ ಟೋಕನ್ ಬರೋದಿಲ್ಲ. ಆ ಹೆಂಗಸಿನ ಕೈಯಲ್ಲಿ ಹಗ್ಗ ಕಟ್ಟಿದ ರಟ್ಟಿನ ಡಬ್ಬ ಇತ್ತು. ನಮ್ಮ ಅಟೆಂಡರ್ ಅಣ್ಣ ಅದರ ತೂತಿನಲ್ಲಿ ಇಣುಕಿ ನೋಡಿದವರೇ ಡಬ್ಬ ಎತ್ತಿಕೊಂಡು ಸೀದಾ ಟೇಬಲ್‌ಗೆ ತಂದರು. "ಮೇಡಂ, ಬಾಯಿ ಬಿಟ್ಕೊಂಡು ಉಸಿರಾಡ್ತಿದೆ." ನಾಯಿ ಬಾಯಿ ಬಿಟ್ಟು ಉಸಿರಾಡಿದರೆ ಸೆಕೆ ಅನ್ನಬಹುದು. ಬೆಕ್ಕು ಹಾಗೆ ಮಾಡಿದರೆ ಟೋಕನ್ ಗೀಕನ್ ನೋಡುವ ಹಾಗಿಲ್ಲ.

ಮೂರೂವರೆ ಕೆಜಿಯ ಹೆಣ್ಣು ಬೆಕ್ಕು. ಮುಖ ಊದಿತ್ತು. ಮುಂಗಾಲಿನ ಪಾದಗಳೂ ದಪ್ಪಗಾಗಿದ್ದವು. ನನ್ನ ತಲೆಗೆ ಮೊದಲು ಬಂದದ್ದು ಜೇನೋ ಕಣಜವೋ ಕಚ್ಚಿರಬೇಕು ಅಂತ. "ಮನೆ ಹಿಂದೆ ಗಿಡಗಂಟೆ ಇದೆಯಾ ಅಮ್ಮಾ?" ಅಂದೆ. ಇದೆ ಅಂದರು. ಅಲ್ಲಿಗೆ ನನ್ನ ಅನುಮಾನ ಗಟ್ಟಿಯಾಯಿತು. ಆದರೂ ಅಭ್ಯಾಸಬಲ, "ಮಾತ್ರೆ ಏನಾದ್ರೂ ಕೊಟ್ಟಿದ್ರಾ?" ಅಂತಲೂ ಕೇಳಿದೆ. "ಇಲ್ಲ ಮೇಡಂ, ಏನೂ ಕೊಟ್ಟಿಲ್ಲ" ಅಂದರು. ಅವರು ಸುಳ್ಳು ಹೇಳಲಿಲ್ಲ. ಅದನ್ನು ಒತ್ತಿ ಹೇಳಬೇಕು.

ಆಕ್ಸಿಜನ್ ಮಾಸ್ಕ್ ಹಿಡಿದೆವು. ಅಲರ್ಜಿಗೆ ಕೊಡುವ ಅವಿಲ್ ಸಿರಿಂಜ್‌ಗೆ ಎಳೆದಿಟ್ಟೆ. ರಕ್ತದ ಆಕ್ಸಿಜನ್ ಅಳೆಯುವ ಪಲ್ಸ್ ಆಕ್ಸ್ ಕ್ಲಿಪ್ ನಾಲಿಗೆಗೆ ಹಾಕಿದರೆ 85 ಪರ್ಸೆಂಟ್ ತೋರಿಸಿತು, ತೀರಾ ಕಮ್ಮಿ. ಕಾನ್ಸಂಟ್ರೇಟರ್ ಫುಲ್ ಇಟ್ಟರೂ 85. ಕ್ಲಿಪ್ ತೆಗೆದು ಒರೆಸಿ ಮತ್ತೆ ಹಾಕಿದರೂ ಅದೇ. ಮಷೀನ್ ಹಳೆಯದು, ಅದರ ಮಾತು ಯಾರೂ ಅಷ್ಟಾಗಿ ನಂಬೋದಿಲ್ಲ. ನಾನೂ ನಂಬಲಿಲ್ಲ. ವಸಡು ನೋಡಿದೆ. ಟ್ಯೂಬ್‌ಲೈಟ್ ಬೆಳಕಿನಲ್ಲಿ ನೀಲಿ ಅನ್ನಬೇಕೋ ಬೂದು ಅನ್ನಬೇಕೋ ತಿಳಿಯಲಿಲ್ಲ. ಒಂದಂತೂ ಖಾತ್ರಿ, ಗುಲಾಬಿ ಇರಲಿಲ್ಲ.

ಅಲರ್ಜಿಯಾಗಿದ್ದರೆ ಇಷ್ಟು ಆಕ್ಸಿಜನ್‌ಗೆ ಸ್ವಲ್ಪವಾದರೂ ಬಣ್ಣ ತಿರುಗಬೇಕಿತ್ತು. ಅವಿಲ್ ಪಕ್ಕಕ್ಕಿಟ್ಟು ಮೊದಲು ಲೈನ್ ಹಾಕೋಣ ಅಂದುಕೊಂಡೆ. ಮುಂಗಾಲು ಶೇವ್ ಮಾಡಿ ಕ್ಯಾನುಲಾ ಹಾಕಿದೆ. ಹಬ್‌ಗೆ ರಕ್ತ ಬಂತು, ಒಂದು ಹನಿ ಹತ್ತಿಯ ಮೇಲೆ ಬಿತ್ತು. ಅದು ಕೆಂಪಗಿರಲಿಲ್ಲ. ಡಿಕಾಕ್ಷನ್ ಬಣ್ಣ ಇತ್ತು. ಪಕ್ಕದ ಟ್ರೇನಲ್ಲಿ ಆಗಷ್ಟೇ ಲ್ಯಾಬ್ರಡಾರ್‌ನ ರಕ್ತಪರೀಕ್ಷೆಗೆ ಸ್ಯಾಂಪಲ್ ತೆಗೆದ ಹತ್ತಿ ಇತ್ತು, ಅದು ಅಚ್ಚ ಕೆಂಪು. ಎರಡನ್ನೂ ಪಕ್ಕಪಕ್ಕ ಇಟ್ಟೆ. ಮಾಮೂಲಿ ರಕ್ತ ಎಷ್ಟೇ ಕಪ್ಪಗಿದ್ದರೂ ಗಾಳಿಗೆ ತೆರೆದಾಗ ಕೆಂಪಾಗುತ್ತೆ. ಬೆಕ್ಕಿನ ರಕ್ತ ಕಂದಾಗಿಯೇ ಉಳಿಯಿತು. ಮೆಟ್‌ಹಿಮೊಗ್ಲೋಬಿನ್. ರಕ್ತ ಇದೆ, ಆದರೆ ಅದು ಆಕ್ಸಿಜನ್ ಹೊರೋದಿಲ್ಲ. ಈ ಸ್ಥಿತಿಯಲ್ಲಿ ಪಲ್ಸ್ ಆಕ್ಸ್ 85ರ ಆಸುಪಾಸಿನಲ್ಲೇ ನಿಂತುಬಿಡುತ್ತೆ. ಮಷೀನ್ ಮೊದಲಿಂದಲೂ ಅದನ್ನೇ ಹೇಳುತ್ತಿತ್ತು.

ಆಗ ಪ್ರಶ್ನೆ ಬದಲಿಸಿದೆ. "ಅಮ್ಮಾ, ಬೆಳಗಿನಿಂದ ಇದರ ಬಾಯಿಗೆ ಏನೇನು ಹೋಯ್ತು, ನೀರಿನಿಂದ ಹಿಡಿದು ಒಂದೊಂದಾಗಿ ಹೇಳಿ."

ಅವರು ಬೆರಳು ಮಡಚುತ್ತಾ ಹೇಳಿದರು. ಬೆಳಿಗ್ಗೆ ಹಾಲು ಇಟ್ಟರೆ ಮೂಸಿ ನೋಡಿ ಬಿಟ್ಟಿತು. ಡ್ರೈ ಫುಡ್ ನಿನ್ನೆಯಿಂದಲೇ ಮುಟ್ಟಿಲ್ಲ. ಮೀನು ಒಂಚೂರು. ನೀರು. "ಆಮೇಲೆ ಮಧ್ಯಾಹ್ನ ಊಟದ ಹೊತ್ತಿಗೆ ಮೊಮ್ಮಗನ ಜ್ವರದ ಸಿರಪ್ ಒಂದು ಚಮಚ ಸಿರಿಂಜ್‌ನಲ್ಲಿ ಹಾಕಿದ್ವಿ ಮೇಡಂ. ಮೈ ಸುಡ್ತಿತ್ತು, ಪಾಪ ಅನ್ನಿಸ್ತು."

ಮಗು ಕುಡಿಯುವ ಸಿರಪ್ಪು. ಅವರ ಲೆಕ್ಕದಲ್ಲಿ ಅದು ಮಾತ್ರೆಯೂ ಅಲ್ಲ, ಅಪಾಯವೂ ಅಲ್ಲ. 5 ಎಂಎಲ್‌ಗೆ 250 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುವ ಸಿರಪ್ ಅದು. ಮೂರೂವರೆ ಕೆಜಿ ಬೆಕ್ಕಿಗೆ ಅಂದರೆ ಕೆಜಿಗೆ 70 ಮಿಲಿಗ್ರಾಂ ದಾಟಿತು. ಬೆಕ್ಕಿನ ಪ್ರಾಣ ತೆಗೆಯಲು ಅಷ್ಟು ಸಾಕು.

ಆಮೇಲೆ ಶುರುವಾಯಿತು ಎನ್‌ಎಸಿ ಹುಡುಕಾಟ. ಎನ್‌ಎಸಿ ಅಂದರೆ ಎನ್-ಅಸಿಟೈಲ್‌ಸಿಸ್ಟೀನ್, ಪ್ಯಾರಾಸಿಟಮಾಲ್ ವಿಷಕ್ಕೆ ಕೊಡುವ ಮದ್ದು. ನಮ್ಮ ಸ್ಟಾಕ್‌ನಲ್ಲಿ ಅದು ಇರಲಿಲ್ಲ. ಮೂರು ಬಗೆಯ ಶಾಂಪೂ ಇತ್ತು, ಕಾಲರ್ ಇತ್ತು, ಡೆಂಟಲ್ ಸ್ಟಿಕ್ ಇತ್ತು. ಎನ್‌ಎಸಿ ಯಾಕಿಲ್ಲ ಅಂದರೆ 'ಓಡೋದಿಲ್ಲ, ಎಕ್ಸ್‌ಪೈರಿ ಆಗುತ್ತೆ' ಅಂತ ಮ್ಯಾನೇಜ್‌ಮೆಂಟ್ ಯಾವತ್ತೋ ತೆಗೆಸಿದ್ದರು. ಅಟೆಂಡರ್ ಅಣ್ಣ ಸ್ಕೂಟರ್ ತಗೊಂಡು ದೊಡ್ಡಾಸ್ಪತ್ರೆ ಎದುರಿನ ಮೆಡಿಕಲ್ ಅಂಗಡಿಗಳಿಗೆ ಓಡಿದರು. ಅದು ಮನುಷ್ಯರ ಔಷಧಿಯೇ. ಪ್ಯಾರಾಸಿಟಮಾಲ್ ಜಾಸ್ತಿಯಾದ ಮನುಷ್ಯರಿಗೂ ಅದನ್ನೇ ಕೊಡೋದು. ನಾನು ಸೀನಿಯರ್ ಸರ್‌ಗೆ ಫೋನ್ ಮಾಡಿದೆ. "ಮೊದಲ ಲೋಡಿಂಗ್ ಡೋಸ್ ಕೆಜಿಗೆ 140 ಮಿಲಿಗ್ರಾಂ ಲೆಕ್ಕ ಹಾಕಿಡು. ಅಲ್ಲಿವರೆಗೂ ಆಕ್ಸಿಜನ್, ವಿಟಮಿನ್ ಸಿ. ಸುಮ್ನೆ ಮುಟ್ಟಿ ಮುಟ್ಟಿ ಗಾಬರಿ ಮಾಡಬೇಡ" ಅಂದರು.

ಕಾಯುವ ಆ ಹೊತ್ತು ಕಷ್ಟದ್ದು. ಕೈಯಲ್ಲಿ ಮಾಡಲು ಏನೂ ಇರೋದಿಲ್ಲ. ಕಾಗದದ ಮೇಲೆ 490 ಮಿಲಿಗ್ರಾಂ ಅಂತ ಬರೆದೆ, ಮತ್ತೆ ಗುಣಿಸಿ ನೋಡಿದೆ. ಬೆಕ್ಕಿನ ಪಕ್ಕೆ ಏಳೋದು ಬೀಳೋದು ನೋಡುತ್ತಾ ನಿಂತೆ. ಆ ಅಮ್ಮ ಬಾಗಿಲ ಹತ್ತಿರ ನಿಂತು "ನಾನೇ ಕೊಂದ್ನಾ ಮೇಡಂ" ಅಂದರು. ಆಗ ಅವರಿಗೆ ಬೈಯುವ ಮನಸ್ಸು ಯಾರಿಗಾದರೂ ಬರುತ್ತಾ? ಪ್ರೀತಿಯಿಂದ ಕೊಟ್ಟಿದ್ದು ಅಲ್ವಾ. "ಈಗ ಹೇಳಿದ್ರಲ್ಲ, ಅದೇ ದೊಡ್ಡ ಉಪಕಾರ" ಅಂದೆ. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಅವರು ಹೇಳದಿದ್ದರೆ ಯಾವ ವಿಷ ಅಂತ ಊಹಿಸುತ್ತಾ ಇನ್ನೆಷ್ಟು ಹೊತ್ತು ಹೋಗುತ್ತಿತ್ತೋ.

ಆಂಪ್ಯೂಲ್ ಬಂತು. ಒಡೆದರೆ ಕೊಳೆತ ಮೊಟ್ಟೆಯ ವಾಸನೆ. ಎರಡೂವರೆ ಎಂಎಲ್ ಹತ್ತಿರ ತೆಗೆದು, ಡೆಕ್ಸ್‌ಟ್ರೋಸ್‌ನಲ್ಲಿ 10 ಎಂಎಲ್‌ಗೆ ತೆಳು ಮಾಡಿ, ನಿಧಾನಕ್ಕೆ ಬಿಟ್ಟೆವು. ಆರಾರು ಗಂಟೆಗೊಮ್ಮೆ ಅರ್ಧ ಡೋಸ್. ರಾತ್ರಿ ಶಿಫ್ಟ್‌ನವರು ಬರುವ ಹೊತ್ತಿಗೆ ಬಾಯಿ ಮುಚ್ಚಿತ್ತು, ಉಸಿರಾಟ ಸ್ವಲ್ಪ ನಿಧಾನವಾಗಿತ್ತು. ಮುಖದ ಊತ ಇಳಿಯಲು ಇನ್ನೂ ಸಮಯ ಬೇಕಾಯಿತು. ರಕ್ತದಲ್ಲಿ ಕೆಂಪು ಕಣಗಳ ಪ್ರಮಾಣ (ಪಿಸಿವಿ) ಇಳಿಯಿತು, ರಕ್ತ ಕೊಡಬೇಕಾಗುತ್ತೇನೋ ಅಂತ ಡೋನರ್ ಬೆಕ್ಕಿಗೂ ಕೇಳಿಟ್ಟಿದ್ದೆವು. ಬೇಕಾಗಲಿಲ್ಲ. ಬೆಕ್ಕು ಬದುಕಿ ಮನೆಗೆ ಹೋಯಿತು.

ಹೋಗುವ ಮುಂಚೆ ಬಾಯಿ ಸರಿಯಾಗಿ ನೋಡಿದಾಗ ಕೆಳದವಡೆಯ ಒಂದು ಹಲ್ಲಿನ ಬುಡ ಊದಿತ್ತು. ಡ್ರೈ ಫುಡ್ ಬಿಟ್ಟಿದ್ದಕ್ಕೆ ಕಾರಣ ಅಷ್ಟೇ, ಅಗಿದರೆ ನೋವು. ಜ್ವರ ಇತ್ತಾ? ಮಗುವಿನ ಥರ್ಮಾಮೀಟರ್‌ನಲ್ಲಿ 101.8 ಬಂದಿತ್ತಂತೆ. ಬೆಕ್ಕಿಗೂ ನಾಯಿಗೂ 102.5ರ ತನಕ ಮಾಮೂಲಿ. ಅವುಗಳ ಮೈ ಯಾವಾಗಲೂ ನಮ್ಮ ಕೈಗೆ ಬಿಸಿಯಾಗೇ ಇರುತ್ತೆ. ನಮ್ಮ 98.6 ಇಟ್ಟುಕೊಂಡು ನೋಡಿದರೆ ಊರಿನ ಬೆಕ್ಕುಗಳಿಗೆಲ್ಲಾ ಜ್ವರ. ನಾನು ಈಗ ವ್ಯಾಕ್ಸಿನ್‌ಗೆ ಬಂದ ಪ್ರತಿಯೊಬ್ಬರಿಗೂ ಈ ಅಂಕಿ ಕಾರ್ಡಿನ ಮೇಲೆ ಬರೆದುಕೊಡುತ್ತೇನೆ.

ಬೆಕ್ಕಿಗೇ ಯಾಕೆ ಇಷ್ಟು ವಿಷ ಅಂತ ಕೇಳುತ್ತಾರೆ. ಈ ಔಷಧಿಯನ್ನು ಕಟ್ಟಿ ಹೊರಗೆ ಹಾಕಲು ನಮ್ಮ ಲಿವರ್‌ನಲ್ಲಿ ಒಂದು ಎನ್‌ಜೈಮ್ ಇದೆ. ಬೆಕ್ಕಿನಲ್ಲಿ ಅದು ಇಲ್ಲ ಅನ್ನುವಷ್ಟು ಕಮ್ಮಿ. ಅದಕ್ಕೇ ನೆಲ ಒರೆಸುವ ಕಪ್ಪು ಫಿನೈಲ್ ಕೂಡ ಬೆಕ್ಕಿಗೆ ಆಗೋದಿಲ್ಲ. ಒದ್ದೆ ನೆಲದ ಮೇಲೆ ನಡೆದು, ಕೂತು ಪಾದ ನೆಕ್ಕಿಕೊಂಡರೆ ಸಾಕು. ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಉಣ್ಣಿ (ಟಿಕ್) ಔಷಧಿಯನ್ನು ಬೆಕ್ಕಿನ ಕತ್ತಿಗೆ ಹಾಕಿ, ಅದು ನಡುಗುತ್ತಾ ಬಂದದ್ದನ್ನೂ ನೋಡಿದ್ದೇನೆ. ನಾಯಿಯ ಅರ್ಧ ಡೋಸ್ ಬೆಕ್ಕಿನ ಡೋಸ್ ಅಲ್ಲ. ನಾಯಿಗಾದರೂ ಅಷ್ಟೇ, ಮನೆಯ ಡಬ್ಬದಿಂದ ಐಬುಪ್ರೊಫೆನ್ ತೆಗೆದು ಕೊಡಬೇಡಿ. ಹೊಟ್ಟೆಯಲ್ಲಿ ಹುಣ್ಣಾಗುತ್ತೆ, ಕಿಡ್ನಿ ಹೋಗುತ್ತೆ. ಈರುಳ್ಳಿ ಹಾಕಿದ ಚಿಕನ್ ಸಾರೂ ಬೇಡ, ಎರಡರ ರಕ್ತಕ್ಕೂ ಅದು ಕೆಟ್ಟದ್ದು.

ಬೆಕ್ಕು ಊಟ ಬಿಟ್ಟರೆ ಮನೆಯಲ್ಲಿ ಪ್ರಯೋಗ ಮಾಡದೆ ಮಾರನೇ ದಿನವೇ ತೋರಿಸಿ. ಎರಡು ಮೂರು ದಿನ ಉಪವಾಸ ಬಿದ್ದರೆ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ಕಟ್ಟಿಕೊಳ್ಳುತ್ತೆ, ದಪ್ಪ ಬೆಕ್ಕಿಗಂತೂ ಇನ್ನೂ ಬೇಗ. ಬರುವಾಗ ಕೊಟ್ಟಿದ್ದರ ಬಾಟಲಿ, ಸ್ಟ್ರಿಪ್, ಪ್ಯಾಕೆಟ್ ಏನಿದ್ದರೂ ಜೊತೆಗೆ ತನ್ನಿ. ಎಷ್ಟು ಗಂಟೆಗೆ ಕೊಟ್ಟಿರಿ ಅನ್ನೋದು ಬೇಕೇ ಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಉಪ್ಪೇ ಇನ್ನೊಂದು ವಿಷ.

ಇನ್ನೊಂದು ಮಾತು, ಇದು ಟ್ರೈನಿಂಗ್ ಬಗ್ಗೆ. ಬೆಕ್ಕಿಗೆ ಟ್ರೈನಿಂಗ್ ಯಾಕೆ ಅನ್ನುವವರೇ ಜಾಸ್ತಿ. ಮರಿಯಿದ್ದಾಗಿಂದ ದಿನಕ್ಕೊಮ್ಮೆ ತುಟಿ ಎತ್ತಿ ವಸಡು ನೋಡಿ, ಪಾದ ಮುಟ್ಟಿ, ಆಮೇಲೆ ಒಂದು ತುಣುಕು ಬೇಯಿಸಿದ ಚಿಕನ್ ಕೊಡಿ. ಕ್ಯಾರಿಯರ್ ಅಟ್ಟದ ಮೇಲೆ ಇಡಬೇಡಿ. ಹಾಲ್‌ನಲ್ಲೇ ಬಾಗಿಲು ತೆಗೆದಿಟ್ಟು ಒಳಗೆ ಊಟ ಹಾಕಿ, ತಾನಾಗೇ ಹೋಗಿ ಮಲಗುತ್ತೆ. ನಿಮ್ಮ ಬೆಕ್ಕಿನ ಮಾಮೂಲಿ ವಸಡಿನ ಬಣ್ಣ ನಿಮಗೆ ಗೊತ್ತಿದ್ದರೆ ಬದಲಾದ ದಿನ ನಮಗಿಂತ ಮೊದಲು ನಿಮಗೇ ತಿಳಿಯುತ್ತೆ. ಉಸಿರಿಗೆ ಒದ್ದಾಡುವ ಬೆಕ್ಕನ್ನು ಹಿಡಿದು ಡಬ್ಬಕ್ಕೆ ತುಂಬುವಾಗ ಆಗುವ ಗಾಬರಿಯೇ ಕೆಲವು ಸಲ ಅದರ ಜೀವ ತೆಗೆಯುತ್ತೆ.

ಕ್ಲಿನಿಕ್‌ನಲ್ಲಿ ಕೆಲಸ ಮಾಡುವವರಿಗೆ ನಾನು ಹೇಳೋದು ಪ್ರಶ್ನೆಯ ಬಗ್ಗೆ. 'ಔಷಧಿ ಕೊಟ್ರಾ' ಅಂದರೆ ಜನ ಡಾಕ್ಟರ್ ಬರೆದುಕೊಟ್ಟಿದ್ದನ್ನು ನೆನೆಸಿಕೊಳ್ಳುತ್ತಾರೆ. ಸಿರಪ್ಪು, ಡ್ರಾಪ್ಸು, ಅರಿಶಿನ, ಕಷಾಯ, ಮುಲಾಮು, ನೆಲ ಒರೆಸಿದ್ದು, ಇವನ್ನೆಲ್ಲಾ ಹೆಸರು ಹಿಡಿದು ಕೇಳಬೇಕು. ಬೈಯುವ ದನಿಯಲ್ಲಿ ಕೇಳಿದರೆ ಗೊತ್ತಿದ್ದವರೂ ಬಾಯಿ ಬಿಡೋದಿಲ್ಲ. ನಮ್ಮ ಸಾಫ್ಟ್‌ವೇರ್‌ನಲ್ಲಿ ತಳಿಗೆ ಡ್ರಾಪ್‌ಡೌನ್ ಇದೆ, ಪಿನ್‌ಕೋಡ್ ಕಡ್ಡಾಯ, 'ಮನೆಯಲ್ಲಿ ಏನು ಕೊಟ್ಟಿರಿ' ಅನ್ನೋದಕ್ಕೆ ಕಾಲಂ ಇಲ್ಲ. ಕೇಳಿದರೆ ಮುಂದಿನ ಅಪ್‌ಡೇಟ್‌ನಲ್ಲಿ ನೋಡೋಣ ಅಂದರು. ಅಲ್ಲಿವರೆಗೂ ರಿಸೆಪ್ಷನ್ ಹುಡುಗಿ ಟೋಕನ್ ಚೀಟಿಯ ಹಿಂದೆ ಪೆನ್ನಿನಲ್ಲಿ ಬರೆದು ಕಳಿಸುತ್ತಾಳೆ. ಉಸಿರಾಟದ ತೊಂದರೆ ಇದ್ದರೆ ಪಿನ್‌ಕೋಡ್ ಆಮೇಲೆ ಅಂತಲೂ ಅವಳಿಗೆ ಹೇಳಿದ್ದೇನೆ. ಎನ್‌ಎಸಿ ಮಾತ್ರ ಈ ತಿಂಗಳ ಆರ್ಡರ್ ಲಿಸ್ಟ್‌ನಲ್ಲೂ ಬಿಟ್ಟುಹೋಗಿತ್ತು. ಶಾಂಪೂ ಸಾಲಿನ ಕೆಳಗೆ ನಾನೇ ಕೈಯಲ್ಲಿ ಸೇರಿಸಿ, ಸಹಿ ಹಾಕಿ ಕಳಿಸಿದ್ದೇನೆ.